ಗ್ಯಾಗ್ ತೆಗೆಯದೆ ಬಂದ ಶುಕ್ರವಾರ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಕುಕ್ಕರಿನಿಂದ ಶುರುಮಾಡುತ್ತೇನೆ. ಕುಕ್ಕರಿನೊಳಗೆ ಆವಿ ಜಾಸ್ತಿಯಾದರೆ ಮೇಲಿನ ವಿಷಲ್ ಎದ್ದು ಬುಸ್ಸೆಂದು ಹೊರಗೆ ಬಿಡುತ್ತದಲ್ಲ, ಬಾಯ್ಲರುಗಳಲ್ಲಿ ಆ ಕೆಲಸ ಮಾಡುವುದು ಸೇಫ್ಟಿ ವಾಲ್ವ್. ಅದನ್ನು ಬಿಚ್ಚಿ, ತುಕ್ಕು ತೆಗೆದು, ಒಳಗೆ ಮುಚ್ಚಳ ಕೂರುವ ಸೀಟನ್ನು ಕನ್ನಡಿಯಷ್ಟು ನುಣ್ಣಗೆ ಉಜ್ಜಿ, ಎಷ್ಟು ಒತ್ತಡಕ್ಕೆ ಏಳಬೇಕೋ ಅಷ್ಟಕ್ಕೇ ಏಳುವ ಹಾಗೆ ಸ್ಪ್ರಿಂಗ್ ಬಿಗಿದು ಕೊಡುವವನು ನಾನು. ಇಷ್ಟೆಲ್ಲ ಹೇಳಿದ ಮೇಲೂ ಕೇಳಿದವರು, "ಓ, ಕುಕ್ಕರ್ ರಿಪೇರಿನಾ?" ಅನ್ನುತ್ತಾರೆ. ನನಗೆ ಪಿತ್ತ ನೆತ್ತಿಗೇರುತ್ತದೆ. ಕುಕ್ಕರ್ ಸಿಡಿದರೆ ಬೇಳೆ ಸೂರಿಗೆ ಅಂಟುತ್ತದೆ. ಬಾಯ್ಲರ್ ಸಿಡಿದರೆ ಸೂರೇ ಇರುವುದಿಲ್ಲ, ಮಾರಾಯರೆ.

ಕೆಲಸ ಕಲಿತದ್ದು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ. ಅಲ್ಲಿನ ಉಸ್ತಾದರು ಹತ್ತು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಹಿಂದಿನಿಂದ ಕಬ್ಬಿಣದ ತಗಡೊಂದನ್ನು ಢಣಾರೆಂದು ಬೀಳಿಸಿದರು. ಎಲ್ಲರಿಗಿಂತ ಎತ್ತರಕ್ಕೆ ನೆಗೆದವನು ನಾನು. "ಇವನು ನಂಗಿರ್ಲಿ, ಈ ಕೆಲಸಕ್ಕೆ ಧೈರ್ಯವಂತ ಬೇಡ, ಪುಕ್ಕಲ ಬೇಕು" ಎಂದು ನನ್ನನ್ನು ಆರಿಸಿಕೊಂಡರು. ಉಳಿದವರೆಲ್ಲ ನಕ್ಕರು. ಅವರು ಕಲಿಸಿದ ಪಾಠ ಒಂದೇ: ವಾಲ್ವ್ ಕಟ್ಟಿ ಕೂರಿಸಿದ ಮೇಲೆ ಸ್ಟೀಮ್ ಏರಿಸಬೇಕು, ಅದು ಹೇಳಿದ ಜಾಗಕ್ಕೆ ಸರಿಯಾಗಿ 'ಹಾರಬೇಕು', ಅಂದರೆ ಎದ್ದು ಆವಿ ಬಿಡಬೇಕು, ಅದನ್ನು ಕಣ್ಣಾರೆ ನೋಡುವ ತನಕ ಮೇಸ್ತ್ರಿ ಮನೆಗೆ ಹೋಗಬಾರದು. ಕಾರ್ಖಾನೆಯ ಕೆಲಸ ಹೋದ ಮೇಲೆ ಭದ್ರಾವತಿಯಲ್ಲೇ ಕಾಗದನಗರದ ಹತ್ತಿರ ಮನೆಯ ಮುಂದಿನ ಶೆಡ್ಡಿನಲ್ಲೇ ಒಂದು ಮೇಜು ಹಾಕಿಕೊಂಡೆ. ಶಿವಮೊಗ್ಗದ ಸುತ್ತಮುತ್ತಲಿನ ಗಿರಣಿಗಳವರೆಲ್ಲ ನನಗೇ ಫೋನ್ ಮಾಡುತ್ತಿದ್ದರು. ಭಯ ನನ್ನ ಬಂಡವಾಳ ಎಂದು ಹೆಂಡತಿಯ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಭಯದಲ್ಲಿ ಎರಡು ಜಾತಿ ಇದೆ ಅನ್ನುವುದು ಆಗ ಗೊತ್ತಿರಲಿಲ್ಲ.

ಶಿವಮೊಗ್ಗದಾಚೆ ಗಾಜನೂರಿನ ದಾರಿಯಲ್ಲಿ ಒಂದು ಅಕ್ಕಿ ಗಿರಣಿ. ಕುಚ್ಚಲಕ್ಕಿ ಮಾಡುವುದು, ಭತ್ತ ಬೇಯಿಸುವುದಕ್ಕೆ ಹೊಟ್ಟು ಉರಿಸುವ ಬಾಯ್ಲರ್. ಯಜಮಾನರು ನನಗಿಂತ ಚಿಕ್ಕವರು, ಆದರೆ ಗಿರಣಿ ನಡೆಯುವುದು ಅವರ ತಾಯಿಯ ಮಾತಿನ ಮೇಲೆ. ನಾನು ಅವರನ್ನು ಅಮ್ಮ ಅನ್ನುವುದು. ಇಪ್ಪತ್ತು ವರ್ಷದಿಂದ ಅಲ್ಲಿಗೆ ಹೋದಾಗಲೆಲ್ಲ ಊಟ ಅವರ ಮನೆಯ ಜಗುಲಿಯಲ್ಲೇ. "ಏನೋ ಮೇಸ್ತ್ರಿ, ಬಡಕಲಾಗಿದೀಯಲ್ಲ, ಹೆಂಡ್ತಿ ಅನ್ನ ಹಾಕಲ್ವಾ?" ಅನ್ನದೆ ಅವರು ಎಲೆ ಹಾಕಿದ್ದಿಲ್ಲ. ಅಲ್ಲಿ ಬೆಂಕಿ ನೋಡಿಕೊಳ್ಳುವವನು ಭದ್ರಾವತಿಯವನು, ತಮಿಳು ಮನೆಮಾತು, ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದವನು. ನಾನು ಅವನನ್ನು ತಂಬಿ ಎಂದು ಕರೆಯುತ್ತೇನೆ. ಕೆಲಸವಿಲ್ಲದೆ ಕೂತಿದ್ದವನನ್ನು ಈ ಗಿರಣಿಗೆ ಕೈಹಿಡಿದು ಕರೆತಂದು ಸೇರಿಸಿದವನು ನಾನೇ. ಅವನ ಹೆಂಡತಿ ಅವತ್ತು, "ಅಣ್ಣಾ, ಬೆಂಕಿ ಕೆಲಸ, ನೀವು ಇದೀರ ಅಂತ ಕಳಿಸ್ತಾ ಇದೀನಿ" ಅಂದಿದ್ದಳು.

ಆ ವರ್ಷ ಬಾಯ್ಲರಿನ ಒಳಗಿನ ಟ್ಯೂಬುಗಳು ಸೋರಿ, ಹೊಸದು ಹಾಕಿಸಿದ್ದರು. ಹೊಸ ಟ್ಯೂಬ್ ಹಾಕಿದ ಮೇಲೆ ತಣ್ಣೀರು ತುಂಬಿ, ಪಂಪಿನಿಂದ ಒತ್ತಡ ಕೊಟ್ಟು ನೋಡಬೇಕು. ದಿನಾ ಓಡುವುದು ಹತ್ತು ಕೆ.ಜಿ. ಒತ್ತಡಕ್ಕೆ, ಟೆಸ್ಟ್ ಮಾಡುವುದು ಹದಿನೈದಕ್ಕೆ. ಹತ್ತಕ್ಕೇ ವಾಲ್ವ್ ಹಾರಿಬಿಟ್ಟರೆ ಹದಿನೈದಕ್ಕೆ ಏರುವುದು ಹೇಗೆ? ಅದಕ್ಕೆ ವಾಲ್ವಿನ ನೆತ್ತಿಯ ಮೇಲೆ ಒಂದು ಕಬ್ಬಿಣದ ಹಿಡಿ ಕೂರಿಸಿ ಸ್ಕ್ರೂ ಬಿಗಿಯುತ್ತೇವೆ. ಅದನ್ನು ಗ್ಯಾಗ್ ಅನ್ನುತ್ತಾರೆ. ಗ್ಯಾಗ್ ಬಿಗಿದ ವಾಲ್ವ್ ಕತ್ತು ಹಿಸುಕಿದ ಹಾಗೆ, ಏನೇ ಆದರೂ ಏಳುವುದಿಲ್ಲ. ಟೆಸ್ಟ್ ಮುಗಿದ ಕೂಡಲೇ, ಬೆಂಕಿ ಹಚ್ಚುವ ಮುಂಚೆ, ತೆಗೆಯಲೇಬೇಕು. ಆ ಬಾಯ್ಲರಿಗೆ ಅಕ್ಕಪಕ್ಕ ಎರಡು ವಾಲ್ವ್, ಎರಡಕ್ಕೂ ಗ್ಯಾಗ್ ಹಾಕಿದ್ದೆ.

ಶುಕ್ರವಾರ ಬೆಳಿಗ್ಗೆ ಟೆಸ್ಟ್ ಮುಗಿಯಿತು. ಒಂದು ಹನಿ ಸೋರಲಿಲ್ಲ. ಒತ್ತಡ ಇಳಿಸಿ, ಜಾಸ್ತಿ ನೀರು ಹೊರಗೆ ಬಿಡುತ್ತಾ ಕೆಳಗೆ ನಿಂತಿದ್ದೆ. ಅಷ್ಟರಲ್ಲಿ ಅಮ್ಮ ಬುಟ್ಟಿ ಹಿಡಿದುಕೊಂಡು ಬಂದರು, ಹಿಂದೆ ಪುರೋಹಿತರು, ನೆಂಟರು. ಹತ್ತೂವರೆಗೆ ರಾಹುಕಾಲ, ಅದರೊಳಗೆ ಪೂಜೆ ಮುಗಿದು ಬೆಂಕಿ ಬೀಳಬೇಕು.

"ಅಮ್ಮ, ಒಂದೈದು ನಿಮಿಷ, ಮೇಲೆ ಸ್ವಲ್ಪ ಕೆಲಸ ಇದೆ" ಅಂದೆ.

"ಇರೋ ಮಾರಾಯ, ನಿನ್ನ ಐದು ನಿಮಿಷ ನಂಗೊತ್ತಿಲ್ವಾ? ಪೂಜೆ ಆದ್ಮೇಲೆ ಮಾಡ್ಕೋ."

ಸರಿ, ಬೂಟು ಬಿಚ್ಚಿ ಬಾಗಿಲ ಹತ್ತಿರ ಕೈಕಟ್ಟಿ ನಿಂತೆ. ಯಾವ ಗಿರಣಿಯಲ್ಲಿ ಪೂಜೆಯಾದರೂ ನಾನು ನಿಲ್ಲುವುದು ಹಾಗೇ. ಯಜಮಾನರೇ ಪಂಚೆ ಎತ್ತಿಕಟ್ಟಿ ಏಣಿ ಹತ್ತಿ, ಎರಡೂ ವಾಲ್ವುಗಳಿಗೆ ಸೇರಿಸಿ ಉದ್ದನೆಯ ಸೇವಂತಿಗೆ ಹಾರ ಹಾಕಿದರು. ಅಮ್ಮ ಕೆಳಗಿನಿಂದ, "ಆ ರವಿಕೆ ಕಣ ಮೇಲೆ ಹೊದಿಸೋ, ಹಂಗಲ್ಲ, ತಲೆ ಮುಚ್ಚೋ ಹಂಗೆ" ಎಂದು ಹೇಳಿಕೊಟ್ಟರು. ಅವರಿಗೆ ಅದು ಬಾಯ್ಲರಿನ ತಲೆ. ಹಸಿರು ಕಣದ ಕೆಳಗೆ ನನ್ನ ಗ್ಯಾಗುಗಳು ಮುಚ್ಚಿಹೋದವು. ತಂಬಿ ಒಲೆಯ ಬಾಯಲ್ಲಿ ಹೊಟ್ಟು ಜೋಡಿಸುತ್ತಾ ಇದ್ದ, ತಲೆ ಎತ್ತಿ ನೋಡಲಿಲ್ಲ. ಅವನು ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಂಗಳಾರತಿ ಆಯಿತು, ಬೆಂಕಿ ಬಿತ್ತು. ಈಗ ಹತ್ತಿ ತೆಗೆದುಬಿಡೋಣ ಎಂದು ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ನೆಂಟರ ಪೈಕಿ ಒಬ್ಬ ಯುವಕ ಮೊಬೈಲ್ ಎತ್ತಿ ಬಾಯ್ಲರಿನ ವೀಡಿಯೊ ತೆಗೆಯುತ್ತಿದ್ದ. ನನ್ನ ಕಣ್ಣ ಮುಂದೆ ಆ ವೀಡಿಯೊ ಓಡಿತು. ಗಡ್ಡ ಬಿಟ್ಟ, ಟೋಪಿ ಹಾಕಿದ ಒಬ್ಬ ಏಣಿ ಹತ್ತಿ, ಈಗಷ್ಟೇ ಪೂಜೆಯಾದ ಬಾಯ್ಲರಿನ ಮೇಲಿಂದ ಹಾರ ಕೀಳುತ್ತಾನೆ, ಕಣ ಎಳೆದು ಬಿಸಾಕುತ್ತಾನೆ. ಯಾಕೆ ಕಿತ್ತ ಅನ್ನುವುದು ವೀಡಿಯೊದಲ್ಲಿ ಇರುವುದಿಲ್ಲ. ನಮ್ಮ ಊರಿನಲ್ಲಿ ಎಷ್ಟು ಚಿಕ್ಕ ವೀಡಿಯೊ ಎಷ್ಟು ದೂರ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾಲು ಕೆಳಗಿಳಿಸಿದೆ. ಯಾರೂ ನನಗೆ ಏನೂ ಅಂದಿರಲಿಲ್ಲ, ಒರೆಗಣ್ಣಿನಿಂದಲೂ ನೋಡಿರಲಿಲ್ಲ. ಎಲ್ಲ ನನ್ನ ತಲೆಯೊಳಗೇ ನಡೆದದ್ದು.

ಹೊಸ ಟ್ಯೂಬಲ್ಲವೆ, ಮೊದಲ ದಿನ ಬರೀ ಬಿಸಿ ಮಾಡುವುದು, ಸ್ಟೀಮ್ ಏರಿಸುವುದು ಮಾರನೆಯ ದಿನ. ಹಾಗಾಗಿ ಅವಸರವೇನಿಲ್ಲ, ಇವರೆಲ್ಲ ಹೋಗಲಿ, ಆಮೇಲೆ ತೆಗೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಉಪ್ಪಿಟ್ಟು ಕೇಸರಿಬಾತ್ ತಿನ್ನಲು ಕೂರಿಸಿದರು. ಅದಾದ ಮೇಲೆ ಯಜಮಾನರು ಹಿಂದಿನ ಮೋಟರು ಸದ್ದು ಮಾಡುತ್ತಿದೆ ನೋಡಿ ಎಂದು ಕರೆದುಕೊಂಡು ಹೋದರು. ಗಡಿಯಾರ ನೋಡಿದರೆ ಹನ್ನೊಂದೂ ಮುಕ್ಕಾಲು. ಜುಮ್ಮಾ ನಮಾಜಿಗೆ ನಮ್ಮ ಮೊಹಲ್ಲಾ ಮುಟ್ಟಬೇಕು. "ತಂಬಿ, ಇವತ್ತು ಬರೀ ಬಿಸಿ ಮಾಡು. ನಾಳೆ ಬಂದು ಹಾರಿಸಿ ನೋಡ್ತೀನಿ" ಎಂದು ಕೂಗಿ ಸ್ಕೂಟರ್ ಹತ್ತಿದೆ. ಗ್ಯಾಗಿನ ನೆನಪೇ ಇಲ್ಲ.

ನಮಾಜು ಆಯಿತು, ಊಟ ಆಯಿತು. ಶೆಡ್ಡಿನಲ್ಲಿ ಸಾಮಾನು ಒರೆಸಲು ಕೂತೆ. ನನ್ನ ಮರದ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಅದರದೇ ಆಕಾರದ ಗುಳಿ ಕೆತ್ತಿದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಅದರದರ ಜಾಗದಲ್ಲಿ ಮಲಗಿಸುವುದು ಉಸ್ತಾದರು ಹಾಕಿಕೊಟ್ಟ ರೂಢಿ. ಎಲ್ಲ ಮಲಗಿದವು. ಮೂಲೆಯ ಎರಡು ಗುಳಿ ಖಾಲಿ.

ಅವು ಗ್ಯಾಗುಗಳು ಮಲಗುವ ಜಾಗ. ಚೀಲ ಕೊಡವಿದೆ, ಸ್ಕೂಟರಿನ ಡಿಕ್ಕಿ ತೆಗೆದೆ, ಇಲ್ಲದ ಕಡೆಯೆಲ್ಲ ಹುಡುಕಿದೆ. "ಕ್ಯಾ ಹುವಾ ಜೀ?" ಎಂದು ಹೆಂಡತಿ ಬಂದಳು. ಅವಳಿಗೆ ಉತ್ತರ ಕೊಡಲಿಲ್ಲ, ತಂಬಿಗೆ ಫೋನ್ ಮಾಡಿದೆ. ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಅವನು ಅಂಗಿ ಬಿಚ್ಚಿ ಹೊರಗೆ ಮೊಳೆಗೆ ಸಿಕ್ಕಿಸುವವನು, ಫೋನು ಅದರ ಜೇಬಿನಲ್ಲಿ. ಯಜಮಾನರದು ಸ್ವಿಚ್ ಆಫ್. ಅವರ ಮನೆಯ ಫೋನಿಗೆ ಮಾಡಿದೆ. ಅಮ್ಮ ಎತ್ತಿದರು.

"ಅಮ್ಮ, ತಂಬಿಗೆ ಸ್ವಲ್ಪ ಬೆಂಕಿ ಆರಿಸು ಅಂತ ಹೇಳ್ತೀರಾ?"

"ಏನ್ ಮಾತು ಅಂತ ಆಡ್ತೀಯೋ? ಪೂಜೆ ಮಾಡಿ ಹಚ್ಚಿದ ಬೆಂಕಿ, ಮೊದಲನೇ ದಿನಾನೇ ಆರಿಸ್ತಾರಾ? ಯಾಕೆ, ಏನಾಯ್ತು?"

ಹೇಳಬೇಕಿತ್ತು. ಅಮ್ಮ, ಆ ಹೂವು ಕಿತ್ತು ಹಾಕಿಸಿ, ಅದರ ಕೆಳಗೆ ಸಾವು ಇದೆ, ಅನ್ನಬೇಕಿತ್ತು. ಇಷ್ಟೇ ಮಾತು. ಆದರೆ ನಿಮ್ಮ ಪೂಜೆಯ ಕೆಳಗೆ ಹೀಗಿದೆ ಎಂದು ಹೇಗೆ ಹೇಳಲಿ, ಶುಭ ದಿನ, ನನ್ನ ಬಾಯಲ್ಲಿ ಆ ಮಾತು ಬಂದರೆ ಏನಂದುಕೊಳ್ಳುತ್ತಾರೆ ಎಂದು ನಾಲಿಗೆ ಹೊರಳಲಿಲ್ಲ. ಬರೀ ಬಿಸಿ ಮಾಡು ಅಂದಿದ್ದೇನಲ್ಲ, ಅಷ್ಟರಲ್ಲಿ ಏನಾಗುತ್ತದೆ ಎಂದೂ ಒಂದು ಸುಳ್ಳು ಸಮಾಧಾನ ಒಳಗಿನಿಂದ ಎದ್ದಿತು.

"ಏನಿಲ್ಲಮ್ಮ, ಒಂದು ಸಣ್ಣ ಅನುಮಾನ. ಅವನಿಗೆ ನಂಗೆ ಫೋನ್ ಮಾಡು ಅನ್ನಿ ಸಾಕು. ನಾನೇ ಬರ್ತೀನಿ."

"ಬಾ, ಬಾ. ಕೇಸರಿಬಾತ್ ಉಳಿದಿದೆ, ಮಕ್ಳಿಗೆ ತಗೊಂಡು ಹೋಗು" ಎಂದು ಫೋನ್ ಇಟ್ಟರು.

ಥೂ ನನ್ನ ಜನ್ಮಕ್ಕೆ! ಇವತ್ತಿಗೂ ಆ 'ಏನಿಲ್ಲಮ್ಮ' ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಭದ್ರಾವತಿಯಿಂದ ಶಿವಮೊಗ್ಗದ ತನಕ ಸ್ಕೂಟರ್ ಹೇಗೆ ಓಡಿಸಿದೆನೋ ದೇವರೇ ಬಲ್ಲ. ಎರಡು ಸಲ ನಿಲ್ಲಿಸಿ ತಂಬಿಗೆ ಫೋನ್ ಮಾಡಿದೆ, ಎರಡು ಸಲವೂ ಬರೀ ಫೋನಿನ ಹಾಡು. ಅಮ್ಮ ಹೇಳಿಲ್ಲ, ಮರೆತಿದ್ದಾರೆ. ಯಾಕೆ ಮರೆಯಬಾರದು? ಏನಿಲ್ಲ ಅಂದವನು ನಾನೇ ತಾನೆ. ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿಗಳ ಸಂತೆ. ಒಳರಸ್ತೆ ಹಿಡಿದು ಗೋಪಾಳದಲ್ಲಿ ನುಗ್ಗಿದೆ. ಬಾಯಲ್ಲಿ ದುವಾ, ತಲೆಯಲ್ಲಿ ಲೆಕ್ಕ. ಹದಿನೈದಕ್ಕೆ ಟೆಸ್ಟ್ ಮಾಡಿದೆ, ತಡೆಯುತ್ತದೆ, ತಡೆಯುತ್ತದೆ. ಮರುಕ್ಷಣ ಉಸ್ತಾದರ ಮಾತು: ತಣ್ಣೀರು ಬೇರೆ, ಸ್ಟೀಮ್ ಬೇರೆ, ನೀರಲ್ಲಿ ಒಡೆದರೆ ಬಟ್ಟೆ ಒದ್ದೆ, ಸ್ಟೀಮಲ್ಲಿ ಒಡೆದರೆ ಹೆಣಕ್ಕೆ ಬಟ್ಟೆ. ತಂಬಿಗೆ ಇಬ್ಬರು ಹೆಣ್ಣುಮಕ್ಕಳು. ಅವನ ಹೆಂಡತಿಗೆ ಏನು ಹೇಳಲಿ? ಹೂವಿಗೆ ಹೆದರಿ ನಿನ್ನ ಗಂಡನನ್ನು ಬಿಟ್ಟುಬಂದೆ ಅನ್ನಲೆ?

ಗಾಜನೂರಿನ ರಸ್ತೆಗೆ ತಿರುಗಿದ ಮೇಲೆ ದೂರದಿಂದಲೇ ಗಿರಣಿಯ ಚಿಮಣಿ ಕಾಣಿಸುತ್ತದೆ. ಬರೀ ಬಿಸಿ ಮಾಡಿದರೆ ತೆಳ್ಳಗೆ ಹೊಗೆ ಬರಬೇಕು. ಕಪ್ಪಗೆ ದಟ್ಟವಾಗಿ ಏಳುತ್ತಿತ್ತು. ಒಲೆ ಪೂರ್ತಿ ಉರಿಯುತ್ತಿದೆ. ತಿರುಗಿ ಹೋಗಿಬಿಡೋಣ ಎಂದೂ ಒಂದು ಗಳಿಗೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಬಾಯ್ಲರ್ ಮನೆಯೊಳಗೆ ತಂಬಿ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಒತ್ತಡ ತೋರಿಸುವ ಗೇಜನ್ನೇ ನೋಡುತ್ತಿದ್ದ. ನನ್ನನ್ನು ನೋಡಿ ಮುಖ ಅರಳಿಸಿದ.

"ಬನ್ನಿ ಭಾಯ್. ನಿಮ್ಮ ವಾಲ್ವ್ ಯಾಕೋ ಹಾರ್ತಾನೇ ಇಲ್ಲ."

ಹತ್ತರ ಮೇಲೆ ಕೆಂಪು ಗೆರೆ. ಮುಳ್ಳು ಹನ್ನೆರಡು ದಾಟಿತ್ತು.

"ಹೊಟ್ಟು ನಿಲ್ಸು! ಫ್ಯಾನ್ ನಿಲ್ಸು!" ಎಂದು ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಗ್ಯಾಗ್ ಇದೆಯೋ ಮೇಲೆ, ಎರಡರಲ್ಲೂ ಗ್ಯಾಗ್ ಇದೆ!"

"ಅಯ್ಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದ, ಅಷ್ಟೇ. ಒಂದು ಮಾತು ಬೈಯಲಿಲ್ಲ. ಸ್ವಿಚ್ಚಿಗೆ ಹಾರಿದ. ನಾನು ಭತ್ತದ ತೊಟ್ಟಿಗಳಿಗೆ ಹೋಗುವ ಸ್ಟೀಮ್ ಲೈನಿನ ಚಕ್ರ ತಿರುಗಿಸತೊಡಗಿದೆ. ಅದನ್ನು ಒಮ್ಮೆಲೇ ತೆಗೆಯುವ ಹಾಗಿಲ್ಲ, ಪೈಪು ಬಡಿದುಕೊಂಡು ಸೀಳುತ್ತದೆ. ನಿಧಾನಕ್ಕೆ, ಕಾಲು ಸುತ್ತು, ಮತ್ತೆ ಕಾಲು ಸುತ್ತು. ಸಾವು ಬೆನ್ನ ಹಿಂದೆ ನಿಂತಿರುವಾಗ ನಿಧಾನಕ್ಕೆ ತಿರುಗಿಸುವುದೆಂದರೆ ಏನು ಅನ್ನುವುದು ನನ್ನ ಶತ್ರುವಿಗೂ ಗೊತ್ತಾಗಬಾರದು. ಅಂಗಳದಲ್ಲಿ ಭತ್ತ ಹರಡುತ್ತಿದ್ದ ಹೆಂಗಸರಿಗೆ ರಸ್ತೆಗೆ ಓಡಿ ಎಂದು ತಂಬಿ ಕೂಗಿದ. ಅವರು ಓಡಿದರು. ಅವನು ಮಾತ್ರ ವಾಪಸು ಬಂದ.

"ನೀನೂ ಹೋಗೋ!"

"ನೀವು ಹೋಗಲ್ವಲ್ಲ. ನೀರಿನ ಮಟ್ಟ ಯಾರು ನೋಡ್ತಾರೆ?"

ಹೊಟ್ಟಿನ ಬೆಂಕಿ ಸುಲಭಕ್ಕೆ ಸಾಯುವುದಿಲ್ಲ. ಹಾಕುವುದನ್ನು ನಿಲ್ಲಿಸಿದರೂ ಒಳಗಿನ ಕೆಂಡ ಕುದಿಸುತ್ತಲೇ ಇರುತ್ತದೆ. ನಾವು ನೋಡುತ್ತಿರುವಂತೆಯೇ ಮುಳ್ಳು ಇನ್ನೊಂದು ಚೂರು ಮೇಲೆ ಹೋಯಿತು. ಬಾಯ್ಲರಿನೊಳಗೆ ಎಲ್ಲೋ ಟಿಕ್ ಎಂದಿತು. ಅದು ಬಿಸಿಗೆ ಕಬ್ಬಿಣ ಹಿಗ್ಗುವ ಸದ್ದು, ಸಾವಿರ ಸಲ ಕೇಳಿದ್ದೇನೆ. ಅವತ್ತು ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡೆವು. ಕಲ್ಮಾ ಹೇಳಿಕೊಂಡೆ. ಅವನು ಅವನ ದೇವರನ್ನು ಕರೆಯುತ್ತಿದ್ದ. ಲೈನು ಪೂರ್ತಿ ತೆರೆದು, ತೊಟ್ಟಿಗಳ ಕಡೆ ಆವಿ ಭೋರೆಂದು ನುಗ್ಗಿದ ಮೇಲೆ ಮುಳ್ಳು ನಡುಗಿತು, ನಿಂತಿತು, ಆಮೇಲೆ ಕೂದಲೆಳೆಯಷ್ಟು ಕೆಳಗೆ ಬಂತು.

ಅದು ಹತ್ತಕ್ಕೆ ಇಳಿದ ಮೇಲೆ ತಂಬಿ ನೆಲದ ಮೇಲೆ ಕೂತುಬಿಟ್ಟ. "ನೆನೆಹಾಕಿದ ಭತ್ತ ಹುಳಿ ವಾಸ್ನೆ ಬರ್ತಿದೆ, ಇವತ್ತೇ ಬೇಯಿಸ್ಬೇಕು, ಸ್ಟೀಮ್ ಏರ್ಸು ಅಂತ ಯಜಮಾನ್ರು ಹೇಳಿ ಪೇಟೆಗೆ ಹೋದ್ರು" ಅಂದ. "ಹೆಂಗೂ ಏರಿಸ್ತಿದೀನಿ, ಲೈನ್ ಬಿಡೋ ಮುಂಚೆ ವಾಲ್ವ್ ಹಾರೋದೂ ನೋಡ್ಬಿಡೋಣ, ನಾಳೆ ನೀವು ಅಷ್ಟು ದೂರದಿಂದ ಬರೋದು ತಪ್ಪುತ್ತೆ ಅಂದ್ಕೊಂಡೆ."

"ಗೆರೆ ದಾಟಿದ್ದು ಕಾಣ್ಲಿಲ್ವೇನೋ ನಿಂಗೆ?"

"ಕಾಣಿಸ್ತು ಭಾಯ್. ಗೇಜೇ ತಪ್ಪು ತೋರಿಸ್ತಿದೆ ಅಂದ್ಕೊಂಡೆ. ನೀವು ಸೆಟ್ ಮಾಡಿದ್ದು ತಪ್ಪಾಗಲ್ವಲ್ಲ."

ನನಗೆ ಅಳು ಬಂತು. ಅವನೆದುರು ಅಳಲು ಯಾವ ಮುಖವಿತ್ತು ನನಗೆ? ಗೋಡೆಯ ಕಡೆ ತಿರುಗಿ ನಿಂತೆ.

ಮುಳ್ಳು ಪೂರ್ತಿ ತಳ ಸೇರುವ ತನಕ ಕಾದು ಏಣಿ ಹತ್ತಿದೆ. ಸೇವಂತಿಗೆ ಬಿಸಿಗೆ ಕಂದುಹೋಗಿತ್ತು, ಕಣದ ಅಂಚು ಸುಟ್ಟಿತ್ತು. ಕೈ ಚಾಚಿದೆ. ನಂಬಿ, ಬಿಡಿ, ಅಷ್ಟೆಲ್ಲ ಆದ ಮೇಲೂ ಹಾರಕ್ಕೆ ಒಂದು ಗೇಣು ದೂರದಲ್ಲಿ ಕೈ ತಾನೇ ನಿಂತಿತು. ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಎಂದು ನೋಡಿದೆ.

ಅಮ್ಮ ಇದ್ದರು. ಹೆಂಗಸರ ಕೂಗು ಕೇಳಿ ಪಕ್ಕದ ಮನೆಯಿಂದ ಬರಿಗಾಲಲ್ಲಿ ಓಡಿಬಂದವರು ಏಣಿಯ ಕೆಳಗೆ ನಿಂತಿದ್ದರು. ತಂಬಿ ಅವರಿಗೆ ಆಗಲೇ ಎಲ್ಲ ಹೇಳಿದ್ದ.

"ಕಿತ್ತು ಹಾಕೋ ಅದನ್ನ. ಏನ್ ನೋಡ್ತಾ ಇದೀಯ?" ಅಂದರು.

ಕಿತ್ತೆ. ಗ್ಯಾಗುಗಳ ಸ್ಕ್ರೂ ಸಡಿಲಿಸಿ ತೆಗೆದೆ. ಚಿಂದಿ ಸುತ್ತಿಕೊಂಡಿದ್ದರೂ ಅಂಗೈ ಸುಟ್ಟಿತು. ಅವೆರಡನ್ನೂ ಹಿಡಿದುಕೊಂಡು ಕೆಳಗಿಳಿದೆ. ಅವರು ದಾರಿ ಬಿಡಲಿಲ್ಲ.

"ಫೋನ್ ಮಾಡಿದ್ಯಲ್ಲೋ. ಆಗ್ಲೇ ಯಾಕ್ ಬಾಯಿ ಬಿಡ್ಲಿಲ್ಲ?"

"ಹೂವು ತೆಗೀಬೇಕಾಗಿತ್ತು ಅಮ್ಮ. ಪೂಜೆ ಆಗಿತ್ತು. ನಾನು ಮುಟ್ಟಿದ್ರೆ... ನಾನು ಹೇಳಿದ್ರೆ ನೀವೇನ್ ಅಂದ್ಕೋತೀರೋ ಅಂತ."

"ನಾನಾ?"

ಬಿಸಿ ಗ್ಯಾಗುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡೆ.

"ಇಪ್ಪತ್ತು ವರ್ಷ ನನ್ನ ಕೈಯಲ್ಲಿ ಊಟ ಮಾಡಿದೀಯ. ನನ್ನ ಕಂಡ್ರೆ ಹೆದ್ರಿಕೆನೇನೋ ನಿಂಗೆ?"

'ಛೇ, ಇಲ್ಲಮ್ಮ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರೂ ಬೈದು, ನಗುತ್ತಿದ್ದರು. ಆದರೆ ಅವತ್ತು ಒಂದು ಸಲ 'ಏನಿಲ್ಲಮ್ಮ' ಅಂದು ಆಗಿತ್ತು. ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಹೂಂ ಅಮ್ಮ" ಅಂದೆ.

ಅವರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೇ ಹಿಂದಕ್ಕೆ ಸರಿದು ಹೊಟ್ಟಿನ ಮೂಟೆಯ ಮೇಲೆ ಕೂತರು, ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ತಂಬಿಯ ಕಡೆ ತಿರುಗಿ, "ನಿಂಗೆ ಮಕ್ಳೆಷ್ಟೋ?" ಎಂದು ಕೇಳಿದರು. ಎಂಟು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದವನನ್ನು ಅವರು ಅದನ್ನು ಕೇಳಿದ್ದು ಅದೇ ಮೊದಲು.

"ಎರಡು ಅಮ್ಮ. ಹೆಣ್ಣು."

ಆ ಮಕ್ಕಳ ಹೆಸರು ಕೇಳಿದರು. ಒಬ್ಬೊಬ್ಬಳದಾಗಿ ಹೇಳಿದ. ನಾನು ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಇನ್ನೂ ಬಿಸಿಯಿದ್ದ ಗ್ಯಾಗುಗಳನ್ನು ಹಿಡಿದು ಅಲ್ಲೇ ನಿಂತಿದ್ದೆ.